ಟ್ರ್ಯಾಕ್ಟರಿನ ಚಾವಿ ಸ್ವಿಚ್ಚು

(ಹೊರ್ತಿಯಲ್ಲಿ ಕೂಡಿದ ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಪ್ರತಿ ಸಲ ನಿಮ್ಮ ಮುಂದೆ ನಿಂತಾಗ ನಾನು ಬೀಜ, ಗೊಬ್ಬರ, ತೊಗರಿಯ ಕೀಡೆ, ನಿಂಬೆಯ ರೋಗ ಇವುಗಳ ಮಾತು ಆಡುತ್ತೇನೆ. ಇಂದು ಬೇರೊಂದು ಮಾತು ಆಡಬೇಕೆಂದಿದ್ದೇನೆ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಸಾಮಾನಿನ ಮಾತು ಅದು. ಟ್ರ್ಯಾಕ್ಟರಿನಲ್ಲಿ ನಾವು ಚಾವಿ ಇಟ್ಟು ತಿರುಗಿಸುವ ಸ್ವಿಚ್ಚು. ಅಂಗಡಿಯವರು ಇದಕ್ಕೆ ಇಗ್ನಿಷನ್ ಸ್ವಿಚ್ ಎನ್ನುತ್ತಾರೆ. ಅದು ಕೆಟ್ಟಾಗ ಹೊಸದನ್ನು ಹೇಗೆ ಆರಿಸಬೇಕು, ಹೇಗೆ ಕೂಡಿಸಬೇಕು, ಕೂಡಿಸದೆ ಬಿಟ್ಟರೆ ಏನಾಗುತ್ತದೆ, ಇಷ್ಟನ್ನು ಹೇಳುತ್ತೇನೆ.

ಕೃಷಿ ಡಿಪ್ಲೊಮಾ ಓದಿದವನಿಗೆ ಮಿಸ್ತ್ರಿಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕೇಳುವುದು ಸರಿಯೇ. ನಾನು ಮಿಸ್ತ್ರಿಯಲ್ಲ. ಆದರೆ ಇಂದು ನಮ್ಮ ಒಕ್ಕಲುತನದಲ್ಲಿ ಎತ್ತು ಕಡಿಮೆಯಾಗಿ ಟ್ರ್ಯಾಕ್ಟರು ಹೆಚ್ಚಾಗಿದೆ. ಎತ್ತಿನ ಕಾಲಿನ ಲಾಳ ಸವೆದರೆ ಒಕ್ಕಲಿಗನಿಗೆ ತಿಳಿಯುತ್ತಿತ್ತು. ಟ್ರ್ಯಾಕ್ಟರಿನ ವಿಷಯದಲ್ಲಿಯೂ ಅಷ್ಟು ತಿಳಿವಳಿಕೆ ಇರಬೇಕು. ಇಲ್ಲವಾದರೆ ಏನಾಗುತ್ತದೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ.

ಹೋದ ತಿಂಗಳು ಒಂದು ನಿಂಬೆ ತೋಟಕ್ಕೆ ಹೋಗಿದ್ದೆ. ಗಿಡಗಳಿಗೆ ಔಷಧ ಹೊಡೆಯಲು ಟ್ರ್ಯಾಕ್ಟರು ತಯಾರಾಗಿ ನಿಂತಿತ್ತು. ತೋಟದ ಒಡೆಯರು ಸೀಟಿಗೆ ಏರಲಿಲ್ಲ. ನೆಲದ ಮೇಲೆಯೇ ನಿಂತು, ಹಿಂದಿನ ದೊಡ್ಡ ಗಾಲಿಯ ಮುಂದೆ ಬಗ್ಗಿ, ಸೆಲ್ಫಿನ ಎರಡು ಬೋಲ್ಟುಗಳಿಗೆ ಸ್ಕ್ರೂ ಡ್ರೈವರ್ ಅಡ್ಡ ಹಿಡಿದರು. ಚಟ್ ಎಂದು ಕಿಡಿ ಹಾರಿ ಎಂಜಿನ್ ಚಾಲೂ ಆಯಿತು.

“ಕಾಕಾ, ಚಾವಿ ಏನಾತ್ರೀ?” ಎಂದು ಕೇಳಿದೆ.

“ಸ್ವಿಚ್ ಕೆಟ್ಟು ಎರಡು ತಿಂಗಳಾತಪ್ಪಾ. ಇದ ನೋಡು ನಮ್ಮ ಚಾವಿ” ಎಂದು ಸ್ಕ್ರೂ ಡ್ರೈವರ್ ಎತ್ತಿ ತೋರಿಸಿ ನಕ್ಕರು.

ನನಗೆ ನಗು ಬರಲಿಲ್ಲ. ನಮ್ಮ ದೊಡ್ಡಪ್ಪನವರೂ ಹೀಗೆಯೇ ನಗುತ್ತಿದ್ದರು.

ನಾಲ್ಕು ವರ್ಷದ ಹಿಂದಿನ ಮಾತು. ಹಿಂಗಾರಿ ಬಿತ್ತಿಗೆಯ ದಿವಸಗಳು. ಮಳೆಯಾಗಿ ಎರಿ ಭೂಮಿ ಹದಕ್ಕೆ ಬಂದಿತ್ತು. ಹಸಿ ಆರುವುದರೊಳಗೆ ಜೋಳ ಬಿತ್ತಬೇಕೆಂದು ಎಲ್ಲರಿಗೂ ಅವಸರ. ಅಂಥ ಹೊತ್ತಿನಲ್ಲಿ ನಮ್ಮ ಟ್ರ್ಯಾಕ್ಟರಿನ ಸ್ವಿಚ್ಚು ಕೆಟ್ಟಿತು. ದೊಡ್ಡಪ್ಪನವರು ಸ್ಕ್ರೂ ಡ್ರೈವರ್ ಹಚ್ಚಿ ಚಾಲೂ ಮಾಡತೊಡಗಿದರು. ನಾನು ರಜೆಯ ಮೇಲೆ ಊರಿಗೆ ಬಂದವನು ಇದನ್ನು ನೋಡಿದೆ. “ಹೊಸ ಸ್ವಿಚ್ ತರಲೇನು?” ಎಂದು ಅವರೇ ನನ್ನನ್ನು ಕೇಳಿದರು. “ನಾಲ್ಕು ದಿವಸ ಹೀಗೇ ನಡೆಯಲಿ, ಬಿತ್ತಿಗೆ ಮುಗಿದ ಮೇಲೆ ನೋಡೋಣ” ಎಂದು ಹೇಳಿದವನು ನಾನೇ.

ಮೂರನೆಯ ದಿವಸ ಮಧ್ಯಾಹ್ನ ಊಟ ಮುಗಿಸಿ ಅವರು ಮತ್ತೆ ಸ್ಕ್ರೂ ಡ್ರೈವರ್ ಹಚ್ಚಿದರು. ಟ್ರ್ಯಾಕ್ಟರು ಗೇರಿನಲ್ಲಿತ್ತು. ಇಳಿಯುವಾಗ ಗೇರು ತೆಗೆದಿದ್ದೇನೆಂದು ಅವರ ನೆನಪು. ಎಂಜಿನ್ ಹಿಡಿದ ಕ್ಷಣವೇ ಟ್ರ್ಯಾಕ್ಟರು ಮುಂದಕ್ಕೆ ನೆಗೆಯಿತು. ಅವರು ಪಕ್ಕಕ್ಕೆ ಬಿದ್ದರು, ಆದರೆ ಒಂದು ಕಾಲು ಉಳಿಯಿತು. ಹಿಂದಿನ ಗಾಲಿ ಪಾದದ ಮೇಲೆ ಹಾದು ಹೋಯಿತು. ಭೂಮಿ ಮೆತ್ತಗಿದ್ದುದರಿಂದ ಕಾಲು ಹೋಗಲಿಲ್ಲ, ಎಲುಬು ಮುರಿಯಿತು. ಒಡೆಯನಿಲ್ಲದ ಟ್ರ್ಯಾಕ್ಟರು ಕೂರಿಗೆ ಎಳೆದುಕೊಂಡು ಹೋಗಿ ಒಡ್ಡಿಗೆ ಹಾಯ್ದು ನಿಂತಿತು. ಉಳಿದ ಹೊಲದ ಬಿತ್ತಿಗೆ ಆ ವರ್ಷ ಆಗಲಿಲ್ಲ. ದೊಡ್ಡಪ್ಪನವರು ಇಂದಿಗೂ ಕುಂಟುತ್ತಾರೆ. ಆಸ್ಪತ್ರೆಗೆ ಹೋದ ಹಣದಲ್ಲಿ ಅಂಥ ಸ್ವಿಚ್ಚುಗಳನ್ನು ಬುಟ್ಟಿ ತುಂಬ ತರಬಹುದಿತ್ತು. ಎಕರೆಗೆ ಎಷ್ಟು ಬೀಜ ಬೇಕೆಂದು ಊರೂರಿಗೆ ಹೇಳುವ ನನಗೆ ಆ ದಿನ ಹೇಳಬೇಕಾದ ಒಂದು ಮಾತು ಹೊಳೆಯಲಿಲ್ಲ. ಆದುದರಿಂದ ಇಂದು ಹೇಳುತ್ತಿದ್ದೇನೆ.

ಸ್ವಿಚ್ಚು ಮಾಡುವ ಕೆಲಸ

ನಿಮ್ಮ ಬಾವಿಯ ಮೋಟಾರಿಗೆ ಸ್ಟಾರ್ಟರ್ ಪೆಟ್ಟಿಗೆ ಇದೆಯಲ್ಲವೆ? ಹಸಿರು ಗುಂಡಿ ಒತ್ತುತ್ತೀರಿ, ಮೋಟಾರು ತಿರುಗುತ್ತದೆ. ಮೋಟಾರಿನ ಅಷ್ಟೂ ಕರೆಂಟು ಆ ಗುಂಡಿಯಲ್ಲಿ ಹರಿಯುವುದಿಲ್ಲ. ಗುಂಡಿಯಿಂದ ಸ್ವಲ್ಪ ಕರೆಂಟು ಹೋಗಿ ಒಳಗಿನ ಕಾಯಿಲನ್ನು ಎಚ್ಚರಿಸುತ್ತದೆ. ಕಾಯಿಲು ದೊಡ್ಡ ಪಟ್ಟಿಗಳನ್ನು ಎಳೆದು ಕೂಡಿಸುತ್ತದೆ.

ಟ್ರ್ಯಾಕ್ಟರಿನಲ್ಲಿಯೂ ವ್ಯವಸ್ಥೆ ಅದೇ. ಬ್ಯಾಟರಿಯಿಂದ ಬೆರಳು ಗಾತ್ರದ ಕೇಬಲ್ಲು ನೇರವಾಗಿ ಸೆಲ್ಫಿಗೆ ಹೋಗುತ್ತದೆ. ಎಂಜಿನ್ ತಿರುಗಿಸುವಾಗ ಅದರಲ್ಲಿ ನೂರಾರು ಆಂಪಿಯರ್ ಹರಿಯುತ್ತದೆ. ಚಾವಿಯ ಸ್ವಿಚ್ಚಿಗೆ ಬರುವುದು ಸಣ್ಣ ವೈರು. ಚಾವಿಯನ್ನು ಮೊದಲ ಸ್ಥಾನಕ್ಕೆ ತಿರುಗಿಸಿದರೆ ಮೀಟರು, ದೀಪಗಳಿಗೆ ಕರೆಂಟು ಬರುತ್ತದೆ. ಇನ್ನೂ ಮುಂದಕ್ಕೆ, ಸ್ಪ್ರಿಂಗಿನ ಬಿಗಿ ತಿಳಿಯುವವರೆಗೆ ತಿರುಗಿಸಿದರೆ ಸೆಲ್ಫಿನ ಬೆನ್ನ ಮೇಲಿರುವ ಸಾಲೆನಾಯ್ಡಿಗೆ ಸಣ್ಣ ಕರೆಂಟು ಹೋಗುತ್ತದೆ. ಅದು ಸೆಲ್ಫಿನ ಹಲ್ಲನ್ನು ಫ್ಲೈವೀಲಿಗೆ ಕೂಡಿಸಿ ದೊಡ್ಡ ಕರೆಂಟಿಗೆ ದಾರಿ ಬಿಡುತ್ತದೆ. ಚಾವಿ ಬಿಟ್ಟ ಕೂಡಲೆ ಅದು ತಾನೇ ಹಿಂದಕ್ಕೆ ಬರಬೇಕು.

ಇಲ್ಲಿ ಮುಖ್ಯ ಮಾತು ಒಂದಿದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಸ್ವಿಚ್ಚಿಗೂ ಸಾಲೆನಾಯ್ಡಿಗೂ ನಡುವೆ ಇನ್ನೊಂದು ಸಣ್ಣ ಕಾವಲು ಸ್ವಿಚ್ಚು ಇರುತ್ತದೆ. ಕ್ಲಚ್ ಒತ್ತಿದ್ದರೆ ಇಲ್ಲವೆ ಗೇರು ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಅದು ಕರೆಂಟು ಬಿಡುತ್ತದೆ. ಗೇರಿನಲ್ಲಿರುವ ಟ್ರ್ಯಾಕ್ಟರು ತಟಕ್ಕನೆ ಚಾಲೂ ಆಗಬಾರದೆಂದೇ ಈ ಕಾವಲು. ಸ್ಕ್ರೂ ಡ್ರೈವರ್ ಹಚ್ಚಿದವನು ಚಾವಿಯನ್ನೂ ಕಾವಲನ್ನೂ ಎರಡನ್ನೂ ದಾಟಿ ಹೋಗುತ್ತಾನೆ. ಮೂಗುದಾರ ಬಿಚ್ಚಿದ ಹೋರಿಯ ಮುಂದೆ ನಿಂತು ಬಾಲ ತಿರುವಿದಂತೆ ಅದು. ಅವನು ನಿಂತಿರುವ ಜಾಗವೂ ಹಿಂದಿನ ಗಾಲಿಯ ದಾರಿಯಲ್ಲಿಯೇ.

ಇನ್ನೊಂದು ವಿಷಯ. ಇಗ್ನಿಷನ್ ಎಂದರೆ ಕಿಡಿ ಹೊತ್ತಿಸುವುದು. ಆ ಹೆಸರು ಪೆಟ್ರೋಲ್ ಗಾಡಿಗಳಿಂದ ಬಂದದ್ದು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒತ್ತಿದ ಗಾಳಿಯ ಕಾವಿನಿಂದಲೇ ಅದು ಉರಿಯುತ್ತದೆ. ಆದುದರಿಂದ ಹಳೆಯ ನಮೂನೆಯ ಅನೇಕ ಟ್ರ್ಯಾಕ್ಟರುಗಳಲ್ಲಿ ಚಾವಿ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ, ನಿಲ್ಲಿಸುವ ಹಿಡಿಕೆಯನ್ನು ಎಳೆಯಬೇಕು. ಹೊಸ ನಮೂನೆಯ ಕೆಲವುಗಳಲ್ಲಿ ಚಾವಿ ತಿರುಗಿಸಿದರೆ ಎಣ್ಣೆ ಬಂದಾಗಿ ಎಂಜಿನ್ ನಿಲ್ಲುತ್ತದೆ. ನಿಮ್ಮದು ಯಾವ ನಮೂನೆ ಎಂಬುದನ್ನು ತಿಳಿದುಕೊಂಡಿರಬೇಕು.

ಬಾವಿಯ ಮೇಲಿನ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ಹೊಡೆದ ಹಿರಿಯರು ಇಲ್ಲಿದ್ದೀರಿ. ಹ್ಯಾಂಡಲ್ ತಿರುಗಿ ಹೊಡೆದರೆ ಮುಂಗೈ ಏನಾಗುತ್ತಿತ್ತೆಂದು ನಿಮಗೆ ಗೊತ್ತು. ಮೋಟಾರು ಗಾಡಿಗಳ ಆರಂಭದ ಕಾಲದಲ್ಲಿ ಎಲ್ಲ ದೇಶಗಳಲ್ಲಿಯೂ ಅದೇ ಕಷ್ಟವಿತ್ತು. ಅಮೇರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ವಿದ್ಯುತ್ತಿನಿಂದ ತಿರುಗುವ ಸೆಲ್ಫನ್ನು ತಯಾರಿಸಿದರು; 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಅದು ಬಂತು. ಚಾವಿ ತಿರುಗಿಸಿದರೆ ಸಾಕು, ಸೆಲ್ಫು ಹೊಡೆಯುತ್ತದೆ ಎಂಬ ಅನುಕೂಲವನ್ನು 1949ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಕಾರುಗಳಲ್ಲಿ ತಂದಿತು. ಕೈಕಾಲು ಉಳಿಯಲೆಂದು ಹುಟ್ಟಿದ ಸಾಧನವನ್ನು ಪಕ್ಕಕ್ಕಿಟ್ಟು ನಾವು ಮತ್ತೆ ಗಾಲಿಯ ಮುಂದೆ ಹೋಗಿ ನಿಲ್ಲುವುದು ಜಾಣತನವಲ್ಲ.

ಕೆಟ್ಟದ್ದು ಸ್ವಿಚ್ಚೇ ಹೌದೆ?

ಚಾವಿ ತಿರುಗಿಸಿದರೆ ಸೆಲ್ಫು ಹೊಡೆಯಲಿಲ್ಲ ಎಂದ ಮಾತ್ರಕ್ಕೆ ಸ್ವಿಚ್ಚು ಕೆಟ್ಟಿದೆಯೆಂದು ತಿಳಿಯಬೇಡಿರಿ. ಸುಮ್ಮನೆ ಹೊಸದು ತಂದು ಹಣ ಕಳೆಯುವವರೂ ಇದ್ದಾರೆ.

ಮೊದಲು ಹೆಡ್‌ಲೈಟ್ ಹಾಕಿ ನೋಡಿರಿ. ದೀಪ ಮಂದವಾಗಿದ್ದರೆ, ಅಥವಾ ಚಾವಿ ತಿರುಗಿಸಿದಾಗ ಆರಿಹೋದಂತಾದರೆ, ದೋಷ ಬ್ಯಾಟರಿಯದು ಅಥವಾ ಅದರ ತುದಿಗಳದು. ಬ್ಯಾಟರಿಯ ತುದಿಗೆ ಬಿಳಿ ಇಲ್ಲವೆ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿನಿಂದ ತೊಳೆದು, ಉಜ್ಜಿ, ಒರಸಿ, ಬಿಗಿಮಾಡಿ, ಮೇಲೆ ವ್ಯಾಸಲಿನ್ ಹಚ್ಚಿರಿ. ಎಷ್ಟೋ ಸಲ ರೋಗ ಇಲ್ಲಿಯೇ ವಾಸಿಯಾಗುತ್ತದೆ. ಸೆಲ್ಫಿನ ಹತ್ತಿರ ಟಕ್ ಎಂಬ ಸಪ್ಪಳ ಬಂದು ಮುಂದೆ ತಿರುಗದಿದ್ದರೆ ಸ್ವಿಚ್ಚು ತನ್ನ ಕೆಲಸ ಮಾಡಿದೆ ಎಂದರ್ಥ. ಬ್ಯಾಟರಿ, ಕೇಬಲ್ಲು, ಸೆಲ್ಫು ಇವುಗಳನ್ನು ನೋಡಬೇಕು.

ದೀಪ ಚೆನ್ನಾಗಿದೆ, ಟಕ್ ಎಂಬ ಸಪ್ಪಳವೂ ಇಲ್ಲ. ಆಗ ಸ್ವಿಚ್ಚಿನ ಮೇಲೆ ಸಂಶಯಪಡಬೇಕು. 12 ವೋಲ್ಟಿನ ಒಂದು ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿಕೊಳ್ಳಿರಿ. ಟ್ರ್ಯಾಕ್ಟರು ನ್ಯೂಟ್ರಲ್‌ನಲ್ಲಿರಲಿ, ಬ್ರೇಕು ಬಿಗಿದಿರಲಿ. ಸ್ವಿಚ್ಚಿನ ಹಿಂದೆ ಅಕ್ಷರ ಅಥವಾ ಅಂಕಿ ಕೊರೆದಿರುತ್ತಾರೆ. ಬಿ ಅಥವಾ 30 ಎಂಬುದು ಬ್ಯಾಟರಿಯಿಂದ ಬರುವ ಪಾಯಿಂಟು. ಐಜಿ ಅಥವಾ 15 ಎಂಬುದು ಮೊದಲ ಸ್ಥಾನದಲ್ಲಿ ಕರೆಂಟು ಕೊಡುವುದು. ಎಸ್‌ಟಿ ಅಥವಾ 50 ಎಂಬುದು ಸೆಲ್ಫಿನದು. ಎಂಜಿನ್ ತಿರುಗದಂತೆ ಎಸ್‌ಟಿ ಪಾಯಿಂಟಿನ ವೈರನ್ನು ಮೊದಲು ಬಿಡಿಸಿ, ಅದರ ತುದಿಗೆ ಟೇಪು ಸುತ್ತಿರಿ. ಬಲ್ಬಿನ ಒಂದು ವೈರನ್ನು ಬಣ್ಣವಿಲ್ಲದ ಕಬ್ಬಿಣಕ್ಕೆ ಹಿಡಿದು, ಇನ್ನೊಂದನ್ನು ಬಿ ಪಾಯಿಂಟಿಗೆ ಮುಟ್ಟಿಸಿರಿ. ಚಾವಿ ಇರಲಿ ಬಿಡಲಿ ಬಲ್ಬು ಉರಿಯಬೇಕು. ಉರಿಯದಿದ್ದರೆ ಫ್ಯೂಜು ಅಥವಾ ವೈರು ಹೋಗಿದೆ. ಐಜಿಗೆ ಮುಟ್ಟಿಸಿ ಚಾವಿ ಒಂದು ಹೆಜ್ಜೆ ತಿರುಗಿಸಿರಿ, ಉರಿಯಬೇಕು. ಎಸ್‌ಟಿಗೆ ಮುಟ್ಟಿಸಿ ಪೂರ್ತಿ ತಿರುಗಿಸಿರಿ, ಆಗಲೂ ಉರಿಯಬೇಕು. ಬಿ ಪಾಯಿಂಟಿನಲ್ಲಿ ಉರಿದು ಎಸ್‌ಟಿಯಲ್ಲಿ ಉರಿಯದಿದ್ದರೆ ಸ್ವಿಚ್ಚು ಕೆಟ್ಟಿದೆ. ಎಸ್‌ಟಿಯಲ್ಲಿ ಚೆನ್ನಾಗಿ ಉರಿದರೆ ಸ್ವಿಚ್ಚು ಸರಿಯಿದೆ. ಮುಂದಿನ ಕಾವಲು ಸ್ವಿಚ್ಚು, ವೈರು, ಸಾಲೆನಾಯ್ಡು ಇವುಗಳಲ್ಲಿ ದೋಷ ಹುಡುಕಬೇಕು.

ಪೂರ್ತಿ ಕೆಡುವ ಮೊದಲು ಸ್ವಿಚ್ಚು ಸೂಚನೆ ಕೊಡುತ್ತದೆ. ಚಾವಿ ಅಲುಗಾಡಿಸಿದರೆ ಮೀಟರಿನ ದೀಪ ಹತ್ತಿ ಆರುವುದು, ಸ್ವಿಚ್ಚು ಮುಟ್ಟಲಾಗದಷ್ಟು ಬಿಸಿಯಾಗುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ, ಚಾವಿ ಚಾಲೂ ಸ್ಥಾನದಲ್ಲಿಯೇ ಕಳಚಿ ಬರುವುದು, ಇವು ಆ ಸೂಚನೆಗಳು. ಎಲ್ಲಕ್ಕಿಂತ ಕೆಟ್ಟದ್ದು, ಕೈಬಿಟ್ಟರೂ ಚಾವಿ ಹಿಂದಕ್ಕೆ ಬರದಿರುವುದು. ಎಂಜಿನ್ ಹಿಡಿದ ಮೇಲೆಯೂ ಸೆಲ್ಫು ತಿರುಗುತ್ತಲೇ ಇದ್ದು ಸುಟ್ಟುಹೋಗುತ್ತದೆ. ಸ್ವಿಚ್ಚಿನ ಖರ್ಚು ಕೆಲವು ನೂರು ರೂಪಾಯಿ. ಸೆಲ್ಫಿನ ಖರ್ಚು ಸಾವಿರಗಳಲ್ಲಿ.

ಹೊಸದನ್ನು ಆರಿಸುವುದು

ಆ ನಿಂಬೆ ತೋಟದ ಕಾಕಾ ಅವರಿಗೆ ನಮ್ಮ ದೊಡ್ಡಪ್ಪನವರ ಸಂಗತಿಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮರುದಿನವೇ ಪೇಟೆಗೆ ಹೋಗಿ ಸ್ವಿಚ್ಚು ತಂದರು. ತಂದದ್ದು ಕೂಡಲಿಲ್ಲ. ಅವರ ಟ್ರ್ಯಾಕ್ಟರಿನಲ್ಲಿ ಐದು ವೈರು, ತಂದ ಸ್ವಿಚ್ಚಿಗೆ ಮೂರೇ ಪಾಯಿಂಟು. “ಟ್ರ್ಯಾಕ್ಟರಿಂದು ಕೊಡು ಅಂದೆ, ಕೊಟ್ಟಾ” ಎಂದರು. ತಪ್ಪು ಅಂಗಡಿಯವನೊಬ್ಬನದೇ ಅಲ್ಲ. ದವಾಖಾನೆಗೆ ಹೋಗಿ ಜಡ್ಡು ಹೇಳದೆ ಗುಳಿಗೆ ಕೇಳಿದಂತೆ ಆಯಿತು.

ಅಂಗಡಿಗೆ ಹೋಗುವಾಗ ಮೂರು ವಸ್ತು ಒಯ್ಯಿರಿ: ಹಳೆಯ ಸ್ವಿಚ್ಚು, ಟ್ರ್ಯಾಕ್ಟರಿನ ಮಾಡೆಲು ಬರೆದ ಚೀಟಿ, ಚೇಸಿಸ್ ನಂಬರು. ಒಂದೇ ಕಂಪನಿಯ ಒಂದೇ ಹೆಸರಿನ ಟ್ರ್ಯಾಕ್ಟರಿಗೂ ವರ್ಷ ಬದಲಾದರೆ ಸ್ವಿಚ್ಚು ಬದಲಾಗಿರಬಹುದು. ಹಳೆಯ ಸ್ವಿಚ್ಚಿನ ಮೇಲೆ ಬಿಡಿಭಾಗದ ನಂಬರು ಇದ್ದರೆ ಅದಕ್ಕೆ ಸರಿಹೋಗುವುದನ್ನೇ ಕೇಳಬೇಕು.

ಕೈಗೆ ಬಂದ ಸ್ವಿಚ್ಚನ್ನು ಹಳೆಯದರ ಪಕ್ಕದಲ್ಲಿಟ್ಟು ಹೀಗೆ ಹೋಲಿಸಿರಿ:

1. ಪಾಯಿಂಟುಗಳ ಸಂಖ್ಯೆ, ಅವುಗಳ ಮೇಲಿನ ಅಕ್ಷರ ಒಂದೇ ಇರಬೇಕು.

2. ಚಾವಿಯ ಸ್ಥಾನಗಳು ಒಂದೇ ಇರಬೇಕು. ಕೆಲವು ಟ್ರ್ಯಾಕ್ಟರುಗಳಲ್ಲಿ ಚಳಿಯಲ್ಲಿ ಎಂಜಿನ್ನಿಗೆ ಕಾವು ಕೊಡುವ ಹೀಟರ್ ಇದ್ದು, ಅದಕ್ಕೆ ಸ್ವಿಚ್ಚಿನಲ್ಲಿ ಬೇರೆ ಸ್ಥಾನವಿರುತ್ತದೆ. ಹೀಟರಿನ ವೈರನ್ನು ಸಿಕ್ಕ ಪಾಯಿಂಟಿಗೆ ಕೂಡಿಸಿದರೆ ಅದು ಇಡೀ ದಿನ ಉರಿದು ತಾನೂ ಸುಡುತ್ತದೆ, ಬ್ಯಾಟರಿಯನ್ನೂ ಬರಿದು ಮಾಡುತ್ತದೆ.

3. ಚಾವಿ ಎಂಜಿನ್ನನ್ನು ನಿಲ್ಲಿಸುವ ನಮೂನೆಯೋ ಅಲ್ಲವೋ ಎಂಬುದು ಸರಿಹೊಂದಬೇಕು.

4. ವೋಲ್ಟು 12 ಇರಬೇಕು. ಆಂಪಿಯರು ಹಳೆಯದಕ್ಕಿಂತ ಕಡಿಮೆ ಇರಬಾರದು.

5. ಕುತ್ತಿಗೆಯ ದಪ್ಪ, ಉದ್ದ, ನಟ್ಟು ಇವು ಡ್ಯಾಶ್‌ಬೋರ್ಡಿನ ತೂತಿಗೆ ಸರಿಯಾಗಿ ಕೂಡಬೇಕು. ತೂತು ದೊಡ್ಡದಾಗಿದ್ದರೆ ಸ್ವಿಚ್ಚು ಇಡಿಯಾಗಿ ತಿರುಗಿ ಹಿಂದಿನ ವೈರುಗಳು ತಿರುಚಿಕೊಳ್ಳುತ್ತವೆ.

6. ಹಿಂದೆ ಕಪ್ಲರ್ ಕೂಡಿಸುವುದೋ, ಸ್ಕ್ರೂ ಬಿಗಿಯುವುದೋ ನೋಡಬೇಕು. ಕಪ್ಲರನ್ನು ಕತ್ತರಿಸಿ ವೈರು ತಿರುಚಿ ಕಟ್ಟುವುದು ಸಲ್ಲದು.

7. ಮೇಲೆ ರಬ್ಬರಿನ ಮುಚ್ಚಳ ಇದ್ದರೆ ಒಳ್ಳೆಯದು. ನಮ್ಮ ಎರಿಯ ಧೂಳು ಹಿಟ್ಟಿನಷ್ಟು ಸಣ್ಣ. ಚಾವಿಯ ತೂತಿನಲ್ಲಿ ಇಳಿದು ಕೂಡುತ್ತದೆ.

ಅಂಗಡಿಯಲ್ಲಿಯೇ ಚಾವಿ ಹಾಕಿ ಹತ್ತು ಸಲ ತಿರುಗಿಸಿ ನೋಡಿರಿ. ಸ್ಥಾನ ಸ್ಥಾನಕ್ಕೆ ಟಕ್ ಎಂದು ಕೂಡಬೇಕು. ಪೂರ್ತಿ ತಿರುಗಿಸಿ ಬಿಟ್ಟರೆ ತಟ್ಟನೆ ಹಿಂದಕ್ಕೆ ಬರಬೇಕು. ರಸೀದಿ ತೆಗೆದುಕೊಳ್ಳಿರಿ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೆಸರಿಲ್ಲದ ಡಬ್ಬಿಯ ಸಾಮಾನು ತರಬೇಡಿರಿ. ಮೋಟಾರ್ ಸೈಕಲಿನ ಸ್ವಿಚ್ಚನ್ನು ಟ್ರ್ಯಾಕ್ಟರಿಗೆ ಹಾಕುವ ಸಾಹಸವಂತೂ ಬೇಡ. ಕೆಲವು ಬೈಕುಗಳಲ್ಲಿ ಬಂದು ಮಾಡಿದಾಗ ಸ್ವಿಚ್ಚಿನ ಒಳಗೆ ವೈರು ಕೂಡುತ್ತದೆ, ಚಾಲೂ ಮಾಡಿದಾಗ ಬಿಡುತ್ತದೆ. ಅವುಗಳ ಲೆಕ್ಕವೇ ಬೇರೆ.

ಕೂಡಿಸುವ ಕ್ರಮ

ಕಾಕಾ ಅವರು ಅಂಗಡಿಯಲ್ಲಿ ಬದಲಿಸಿ ಸರಿಯಾದ ಸ್ವಿಚ್ಚು ತಂದ ಮೇಲೆ, ಬೇವಿನ ಗಿಡದ ನೆರಳಿನಲ್ಲಿ ನಾವಿಬ್ಬರೂ ಅವರ ಮಗನೂ ಕೂಡಿ ಅದನ್ನು ಹಾಕಿದೆವು. ಒಂದು ತಾಸೂ ಹಿಡಿಯಲಿಲ್ಲ.

ಮಟ್ಟದ ಜಾಗದಲ್ಲಿ ನಿಲ್ಲಿಸಿ, ಗೇರು ನ್ಯೂಟ್ರಲ್ ಮಾಡಿ, ಬ್ರೇಕು ಬಿಗಿದು, ಹಿಂದಿನ ಸಾಧನವನ್ನು ನೆಲಕ್ಕಿಳಿಸಿ, ಗಾಲಿಗಳಿಗೆ ಕಲ್ಲು ಕೊಟ್ಟೆವು. ಎಂಜಿನ್ ನಿಲ್ಲಿಸಿ ಚಾವಿ ಕಿಸೆಯಲ್ಲಿ ಇಟ್ಟುಕೊಂಡೆವು.

ಆಮೇಲೆ ಬ್ಯಾಟರಿಯ ವೈರು ಬಿಚ್ಚಬೇಕು. ಮೊದಲು ಬಿಚ್ಚುವುದು ಮೈನಸ್, ಅಂದರೆ ಕಬ್ಬಿಣದ ಮೈಗೆ ಹೋಗುವ ವೈರು. ಇದನ್ನು ಮರೆಯಬೇಡಿರಿ. ಮೊದಲು ಪ್ಲಸ್ ಬಿಚ್ಚಲು ಹೋಗಿ ಪಾನಾ ಕಬ್ಬಿಣಕ್ಕೆ ತಗಲಿದರೆ ದೊಡ್ಡ ಕಿಡಿ ಏಳುತ್ತದೆ. ಬ್ಯಾಟರಿಯಿಂದ ಏಳುವ ಹೈಡ್ರೋಜನ್ ಗಾಳಿಗೆ ಆ ಕಿಡಿ ತಾಗಿದರೆ ಬ್ಯಾಟರಿ ಒಡೆದು ಆಮ್ಲ ಮುಖಕ್ಕೆ ಸಿಡಿಯಬಹುದು. ಬಾಯಲ್ಲಿ ಬೀಡಿಯೂ ಬೇಡ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಬಿಚ್ಚಲೇಬಾರದು, ಆಲ್ಟರ್ನೇಟರ್ ಸುಡುತ್ತದೆ.

ಬಳಿಕ ಸ್ವಿಚ್ಚಿನ ಬೆನ್ನನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆವು. ಅಷ್ಟಕ್ಕೇ ಬಿಡದೆ ಒಂದೊಂದು ವೈರಿಗೂ ಟೇಪು ಸುತ್ತಿ ಅದರ ಪಾಯಿಂಟಿನ ಅಕ್ಷರ ಬರೆದೆವು. ವೈರಿನ ಬಣ್ಣ ನಂಬಬಾರದು. ಹಿಂದಿನ ಮಿಸ್ತ್ರಿ ಕೈಗೆ ಸಿಕ್ಕ ಬಣ್ಣ ಹಾಕಿರಬಹುದು.

ಮುಂದಿನ ನಟ್ಟು ಸಡಿಲಿಸಿ ಹಳೆಯ ಸ್ವಿಚ್ಚನ್ನು ಹಿಂದಿನಿಂದ ಹೊರಗೆ ತೆಗೆದೆವು. ಎಲ್ಲ ವೈರುಗಳನ್ನು ಒಮ್ಮೆಲೆ ಬಿಚ್ಚಬೇಡಿರಿ. ಒಂದನ್ನು ಬಿಚ್ಚಿ ಹೊಸದರ ಅದೇ ಪಾಯಿಂಟಿಗೆ ಕೂಡಿಸಿ, ಆಮೇಲೆ ಎರಡನೆಯದು. ತುದಿ ಕಪ್ಪಾಗಿದ್ದರೆ ಉಜ್ಜಿ ಬೆಳಗಿಸಿರಿ. ಸುಟ್ಟಿದ್ದರೆ ಕತ್ತರಿಸಿ ಹೊಸ ತುದಿ ಒತ್ತಿಸಿರಿ. ಸಡಿಲಾದ ತುದಿ ಬಿಸಿಯಾಗುತ್ತದೆ, ಬಿಸಿಯಾದದ್ದು ಹೊಸ ಸ್ವಿಚ್ಚನ್ನೂ ಸುಡುತ್ತದೆ. ಕಾಕಾ ಅವರ ಹಳೆಯ ಸ್ವಿಚ್ಚು ಹೋದದ್ದು ಹೀಗೆಯೇ ಎಂದು ಸುಟ್ಟ ತುದಿ ನೋಡಿ ತಿಳಿಯಿತು.

ಸ್ವಿಚ್ಚಿನ ಕುತ್ತಿಗೆಯ ಗಾಡಿಯನ್ನು ತೂತಿನ ಗಾಡಿಗೆ ಹೊಂದಿಸಿ ನಟ್ಟು ಬಿಗಿದೆವು. ಕಬ್ಬಿಣದ ಅಂಚಿಗೆ ವೈರು ಉಜ್ಜದಂತೆ ರಬ್ಬರಿನ ನಳಿಗೆ ಹಾಕಿದೆವು. ಬ್ಯಾಟರಿಯ ಮೈನಸ್ ವೈರನ್ನು ಎಲ್ಲಕ್ಕೂ ಕಡೆಗೆ ಕೂಡಿಸಿದೆವು.

ಇನ್ನು ಪರೀಕ್ಷೆ. ಅದನ್ನು ಸೀಟಿನ ಮೇಲೆ ಕುಳಿತೇ ಮಾಡಬೇಕು. ಸುತ್ತ ಮಕ್ಕಳು ಇರಬಾರದು. ಗೇರು ನ್ಯೂಟ್ರಲ್, ಪಿಟಿಒ ಬಂದು, ಕ್ಲಚ್ ಒತ್ತಿರಬೇಕು. ಮೊದಲ ಸ್ಥಾನದಲ್ಲಿ ಮೀಟರು ನೋಡಿರಿ. ಪೂರ್ತಿ ತಿರುಗಿಸಿ ಸೆಲ್ಫು ಹೊಡೆಯಿರಿ. ಬಿಟ್ಟಾಗ ಚಾವಿ ಹಿಂದಕ್ಕೆ ಬಂತೆ ನೋಡಿರಿ. ನಿಲ್ಲಿಸುವಾಗ ಸರಿಯಾಗಿ ನಿಂತಿತೆ ನೋಡಿರಿ. ಕಡೆಗೆ ಒಂದು ಪರೀಕ್ಷೆ: ನಿಮ್ಮದು ಕ್ಲಚ್ಚಿನ ಕಾವಲು ಇರುವ ಟ್ರ್ಯಾಕ್ಟರಾದರೆ, ನ್ಯೂಟ್ರಲ್‌ನಲ್ಲಿಯೇ ಇಟ್ಟು, ಕ್ಲಚ್ ಒತ್ತದೆ ಚಾವಿ ತಿರುಗಿಸಿರಿ. ಸೆಲ್ಫು ಹೊಡೆಯಬಾರದು. ಹೊಡೆದರೆ ಯಾರೋ ಕಾವಲನ್ನು ತಪ್ಪಿಸಿ ನೇರ ವೈರು ಹಾಕಿದ್ದಾರೆ. ಅದನ್ನು ಮಿಸ್ತ್ರಿಯಿಂದ ಮೊದಲಿನಂತೆ ಮಾಡಿಸಿಕೊಳ್ಳಿರಿ. ವೈರಿಂಗು ಪೂರ್ತಿ ಕಲಸಿಹೋಗಿದ್ದರೂ ಒಳ್ಳೆಯ ಮಿಸ್ತ್ರಿಗೇ ಬಿಡುವುದು ಲೇಸು.

ಹೊಸದು ಬಾಳುವಂತೆ ನೋಡಿಕೊಳ್ಳುವುದು

ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ರಸ್ತೆಗೆ ನಿಂತರೆ ಟ್ರ್ಯಾಕ್ಟರು ಬರುವ ಮೊದಲು ಅದರ ಹಾಡು ಬರುತ್ತದೆ. ಹಾಡು ಬೇಡವೆನ್ನುವುದಿಲ್ಲ, ರಾತ್ರಿಯ ದಾರಿಗೆ ಅದೂ ಬೇಕು. ಆದರೆ ಸ್ಪೀಕರು, ಹೆಚ್ಚಿನ ದೀಪ ಎಲ್ಲವನ್ನೂ ಚಾವಿ ಸ್ವಿಚ್ಚಿನ ಒಂದೇ ಪಾಯಿಂಟಿಗೆ ಕಟ್ಟಿರುತ್ತಾರೆ. ಲೆಕ್ಕ ಹಾಕಿ ನೋಡಿರಿ: 55 ವ್ಯಾಟಿನ ನಾಲ್ಕು ದೀಪಕ್ಕೆ 220 ವ್ಯಾಟು. ಅದನ್ನು 12ರಿಂದ ಭಾಗಿಸಿದರೆ 18 ಆಂಪಿಯರಿಗೂ ಮೇಲೆ. ಇಷ್ಟು ಭಾರ ಹೆಚ್ಚಿಗೆ ಹೊರಿಸಿದರೆ ಸ್ವಿಚ್ಚಿನ ಒಳಗಿನ ಪಟ್ಟಿಗಳು ಸುಡುತ್ತವೆ. ಹೆಚ್ಚಿನ ದೀಪಕ್ಕೆ ಬ್ಯಾಟರಿಯಿಂದ ಬೇರೆ ವೈರು, ಅದಕ್ಕೆ ಫ್ಯೂಜು, ರಿಲೇ ಹಾಕಿಸಿರಿ. ರಿಲೇ ಎಂದರೆ ಬಾವಿಯ ಸ್ಟಾರ್ಟರಿನ ತಮ್ಮನೇ. ಆಗ ಸ್ವಿಚ್ಚು ಸನ್ನೆ ಮಾಡಿದರೆ ಸಾಕು, ಭಾರ ಹೊರುವುದು ರಿಲೇ.

ಸೆಲ್ಫನ್ನು ಒಂದೇ ಸಮನೆ ಹೊಡೆಯಬೇಡಿರಿ. ಒಂದು ಸಲಕ್ಕೆ ಹತ್ತು ಸೆಕೆಂಡು ಮೀರದಿರಲಿ. ನಡುವೆ ಒಂದು ನಿಮಿಷ ಬಿಡುವು ಕೊಡಿರಿ.

ಚಾವಿಗೆ ಮನೆಯ ಕೀಲಿಕೈ, ಶೆಡ್ಡಿನ ಕೀಲಿಕೈ, ದೇವರ ಬಿಲ್ಲೆ, ಗೆಜ್ಜೆ ಎಲ್ಲ ಪೋಣಿಸಿ ತೂಗುಹಾಕುವುದನ್ನು ಬಿಡಿರಿ. ಇದು ಸಣ್ಣ ಮಾತಲ್ಲ. 2014ರಲ್ಲಿ ಅಮೇರಿಕದ ಜನರಲ್ ಮೋಟಾರ್ಸ್ ಕಂಪನಿಯು ಇಂಥ ಸ್ವಿಚ್ಚಿನ ದೋಷಕ್ಕಾಗಿಯೇ ಸುಮಾರು 26 ಲಕ್ಷ ಕಾರುಗಳನ್ನು ದುರುಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಸ್ವಿಚ್ಚಿನ ಹಿಡಿತ ಸಡಿಲವಿತ್ತು. ಚಾವಿಗೊಂಚಲಿನ ಭಾರಕ್ಕೆ, ರಸ್ತೆಯ ಕುಲುಕಿಗೆ ಚಾವಿ ತಾನೇ ಸರಿದು, ಓಡುವ ಕಾರಿನ ಎಂಜಿನ್ ನಿಲ್ಲುತ್ತಿತ್ತು. ಪ್ರಾಣ ಉಳಿಸುವ ಗಾಳಿಚೀಲವೂ ಆಗ ತೆರೆಯುತ್ತಿರಲಿಲ್ಲ. ಪರಿಹಾರ ಕೊಡುವಾಗ 124 ಸಾವುಗಳು ಈ ಲೆಕ್ಕಕ್ಕೆ ಸೇರಿದವು. ಅಷ್ಟು ದೊಡ್ಡ ಕಂಪನಿಯಲ್ಲಿಯೂ ಸಣ್ಣ ಸಾಮಾನನ್ನು ಅಲಕ್ಷ್ಯ ಮಾಡಿದ್ದರ ಫಲ ಅದು. ನಮ್ಮ ಒಡ್ಡು ದಿಣ್ಣೆಗಳ ಮೇಲೆ ಟ್ರ್ಯಾಕ್ಟರು ಎಷ್ಟು ಕುಲುಕುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಚಾವಿ ಒಂದೇ ಇರಲಿ.

ತಾಯಂದಿರಿಗೆ ಒಂದು ಮಾತು. ಟ್ರ್ಯಾಕ್ಟರು ಮನೆಯ ಮುಂದೆ ನಿಂತಾಗ ಚಾವಿ ಅದರಲ್ಲಿಯೇ ಇದ್ದರೆ ತೆಗೆದು ಗೂಟಕ್ಕೆ ಹಾಕಿರಿ. ಮಕ್ಕಳಿಗೆ ಅದು ಆಟದ ಕುದುರೆ. ಸ್ವಿಚ್ಚು ಕೆಟ್ಟು ನೇರ ವೈರು ಹಾಕಿದ ಟ್ರ್ಯಾಕ್ಟರಿಗೆ ಚಾವಿಯೇ ಬೇಕಿಲ್ಲ. ಕಳ್ಳನಿಗೂ ಬೇಕಿಲ್ಲ, ಮಗುವಿಗೂ ಬೇಕಿಲ್ಲ. ಮನೆಯವರು ಅಂಥ ಟ್ರ್ಯಾಕ್ಟರು ನಡೆಸುತ್ತಿದ್ದರೆ ದುರುಸ್ತಿ ಮಾಡಿಸುವವರೆಗೆ ನೀವು ಬೆನ್ನು ಬಿಡಬೇಡಿರಿ.

ಬಾಂಧವರೆ, ಹೇಳಿದ್ದರಲ್ಲಿ ಎಲ್ಲ ಮರೆತರೂ ಒಂದನ್ನು ನೆನಪಿಡಿರಿ. ಟ್ರ್ಯಾಕ್ಟರನ್ನು ಸೀಟಿನ ಮೇಲೆ ಕುಳಿತು ಚಾಲೂ ಮಾಡಬೇಕು, ನೆಲದ ಮೇಲೆ ನಿಂತು ಎಂದಿಗೂ ಅಲ್ಲ. ಸ್ವಿಚ್ಚು ಕೆಟ್ಟ ದಿನ ಕೆಲಸ ಅರ್ಧ ದಿವಸ ನಿಂತರೆ ನಿಲ್ಲಲಿ. ಹಸಿ ಆರುತ್ತದೆ ಎಂಬ ಅವಸರ ನನಗೂ ಗೊತ್ತು. ಅದೇ ಅವಸರದಲ್ಲಿ ನಾನು “ನಾಲ್ಕು ದಿವಸ ನಡೆಯಲಿ” ಎಂದೆ. ಆ ನಾಲ್ಕು ದಿವಸ ಇನ್ನೂ ಮುಗಿದಿಲ್ಲ; ದೊಡ್ಡಪ್ಪನವರು ಅಂಗಳ ದಾಟುವಾಗಲೆಲ್ಲ ನನಗೆ ಅದು ಕಾಣುತ್ತದೆ.

ಆ ಕಾಕಾ ಅವರು ಇಂದು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅವರ ಸ್ಕ್ರೂ ಡ್ರೈವರ್ ಈಗ ಸಾಮಾನಿನ ಪೆಟ್ಟಿಗೆಯಲ್ಲಿದೆ, ಚಾವಿ ಅವರ ಕಿಸೆಯಲ್ಲಿದೆ. ಯಾರ ಟ್ರ್ಯಾಕ್ಟರಿನ ಸ್ವಿಚ್ಚು ಕೆಟ್ಟಿದೆಯೋ ಅವರು ಸಭೆ ಮುಗಿದ ಮೇಲೆ ನನಗೆ ತಿಳಿಸಿರಿ. ಪರೀಕ್ಷೆಯ ಬಲ್ಬು ನನ್ನ ಚೀಲದಲ್ಲಿದೆ. ನಿಮ್ಮ ಹುಡುಗರ ಕೈಯಿಂದಲೇ ಮಾಡಿಸಿ ತೋರಿಸುತ್ತೇನೆ.